ಸೋಪಿನ ಅಚ್ಚು

ಅಮೀರ್ ಅಹ್ಮದ್ ಸರ್ಕಲ್ಲಿನಿಂದ ನಾಲ್ಕು ಅಂಗಡಿ ಆಚೆ,
ಜೆರಾಕ್ಸ್ ಯಂತ್ರದ ಬಿಸಿ ಬೆನ್ನಿಗೆ ಬಡಿಯುವ ಕಟ್ಟೆಯ ಮೇಲೆ
ಮೂವತ್ತೆಂಟು ವರ್ಷದಿಂದ ಕೂತಿದ್ದೇನೆ.
ಅರ, ಚಿಮಟ, ಹಿಡಿಕೆ ಸವೆದ ಸುತ್ತಿಗೆ,
ಕಂಬಿಗೆ ಪೋಣಿಸಿದ ಇನ್ನೂರು ಮೂಗ ಕೀಲಿಕೈಗಳು,
ಯಾವ ಬಾಗಿಲನ್ನೂ ಇನ್ನೂ ಕಾಣದವು.

ನನ್ನದೊಂದೇ ಕಾನೂನು:
ಸೋಪಿನ ಮೇಲೆ ಒತ್ತಿ ತಂದ ಅಚ್ಚಿಗೆ ಕೀಲಿ ಕೊರೆಯುವುದಿಲ್ಲ.
ಬೀಗ ತನ್ನಿ. ಇಲ್ಲವೇ ಬೀಗವಿರುವಲ್ಲಿಗೆ ಕರೆದೊಯ್ಯಿರಿ,
ಪಕ್ಕದ ಮನೆಯವರು ನಿಮ್ಮ ಹೆಸರು ಹಿಡಿದು ಕೂಗಲಿ,
ಆಮೇಲೆ ಅರ ಎತ್ತುತ್ತೇನೆ.
ಒಬ್ಬ ಸಾವಿರದ ನೋಟು ತೋರಿಸಿದ್ದ, ಆ ನೋಟು ನಡೆಯುತ್ತಿದ್ದ ಕಾಲದಲ್ಲಿ.
ಕೆಂಪು ಸೋಪಿನ ತುಂಡು. ಇನ್ನೂ ಒದ್ದೆ.
ಕೈ ತೊಳ್ಕೊಂಡು ಹೋಗು ಎಂದೆ.

ಜೆರಾಕ್ಸ್ ಅಂಗಡಿಯ ಲೋಹಿತಾಶ್ವ, ಡಿಪ್ಲೊಮಾ ಎರಡನೇ ವರ್ಷ,
ಒಂದು ಮಧ್ಯಾಹ್ನ ಬಂದು ಕೂತ, ಮುಖ ಇಳಿಬಿಟ್ಟು.
"ಸಾಬ್ರೇ, ಕೀ ಕೆಲಸ ಮಾಡ್ತಿಲ್ಲ."
ತೋರಿಸು ಎಂದೆ.
ಮೊಬೈಲು ಚಾಚಿದ. ಇಪ್ಪತ್ತೈದು ಅಕ್ಷರ, ಐದೈದರ ನಡುವೆ ಗೆರೆ.
ಹಲ್ಲಿಲ್ಲ, ಕಂಠವಿಲ್ಲ, ತುಕ್ಕಿಲ್ಲ. ಇದೂ ಕೀಲಿಯೇ?
ಆಟದ್ದಂತೆ. ಅಸಲಿ ಅಂಗಡಿಯಲ್ಲಿ ಎರಡೂವರೆ ಸಾವಿರ,
ಇವನು ಕೊಂಡದ್ದು ಮುನ್ನೂರ ನಲವತ್ತೊಂಬತ್ತಕ್ಕೆ,
ಹೆಸರೂ ಊರೂ ಇಲ್ಲದ ಯಾವನದೋ ಹತ್ತಿರ.
ಅವನಿಗೆ ನಾಲ್ಕೂಮುಕ್ಕಾಲು ನಕ್ಷತ್ರ ಇದ್ದವಂತೆ.
ಒಂಬತ್ತು ದಿನ ಬಾಗಿಲು ತೆರೆಯಿತು.
ಹತ್ತನೇ ದಿನ ಒಳಗಿನವರೇ ಬೀಗ ಬದಲಿಸಿದರು,
ಯಾರದೋ ಕದ್ದ ಕಾರ್ಡಿನಲ್ಲಿ ಕೊಂಡ ಕೀಲಿ ಅದು.

ಸೋಪಿನ ಅಚ್ಚು ಕಣೋ, ಎಂದೆ.
ಅಷ್ಟು ಅಗ್ಗಕ್ಕೆ ಬಾಗಿಲು ತೆರೆದರೆ
ಆ ಬಾಗಿಲ ಹಿಂದೆ ಯಾರೋ ಅಳುತ್ತಿರುತ್ತಾರೆ.
ಚೆನ್ನಾಗಿ ಹೇಳಿದೆ ಅನ್ನಿಸಿತು. ಚಹಾ ತರಿಸಿದೆ.
ಬೀಗದವನ ಬಾಯಿಗೆ ಬೀಗವಿಲ್ಲ ಎಂದು ನಮ್ಮ ಮನೆಯವಳು ಹೇಳುವುದುಂಟು.

ಮುಂದೆ ಅವನು ಅಸಲಿ ಅಂಗಡಿಯಲ್ಲೇ ಕೊಂಡ,
ರಿಯಾಯಿತಿಗೆ ಕಾದು, ಜೆರಾಕ್ಸಿನ ಚಿಲ್ಲರೆ ಕೂಡಿಟ್ಟು.
"ಖಾತೆಗೆ ಎರಡನೇ ಬೀಗ ಹಾಕ್ಬೇಕು ಸಾಬ್ರೇ, ನನ್ ಸಿಮ್ಮು ತಿಂಗಳಿಗೊಮ್ಮೆ ಸಾಯತ್ತೆ,
ನಿಮ್ಮ ನಂಬರ್ ಕೊಡಿ, ಹದಿನೈದು ವರ್ಷದಿಂದ ಅದೊಂದೇ."
ಕೊಟ್ಟೆ. ಅರ್ಧ ಊರಿನ ಬೀಗಗಳ ಗುಟ್ಟು ಹೊತ್ತವನಿಗೆ
ಒಂದು ಹುಡುಗನ ಆಟ ಭಾರವೇ?

ಶುಕ್ರವಾರ, ನಮಾಜು ಮುಗಿಸಿ ಆಗಷ್ಟೇ ಕೂತಿದ್ದೆ. ಫೋನು.
ಹೆಣ್ಣು ದನಿ, ತೀರ್ಥಹಳ್ಳಿ ಕಡೆಯ ಮಾತು.
"ಯಜಮಾನ್ರೇ, ಹುಡುಗನ ಖಾತೆಗೆ ಯಾರೋ ಕೈ ಹಾಕ್ತಿದಾರೆ,
ತಡೀಬೇಕು, ನಿಮಗೊಂದು ನಂಬರ್ ಬಂದಿರತ್ತೆ, ಓದಿ."
ಕನ್ನಡಕ ಹುಡುಕಿದೆ. ಕಾಯಿಸುತ್ತಿದ್ದೇನೆಂದು ನಾಚಿಕೆ ಬೇರೆ.
ನಾಲ್ಕು, ಸೊನ್ನೆ, ಏಳು,
ಬಸ್ಸಿನ ಹಾರನ್ನಿಗೆ ಏಳನ್ನು ಎರಡು ಸಲ ಹೇಳಿದೆ,
ಒಂದು, ಒಂದು, ಎಂಟು.
"ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ" ಅಂದಳು.
ಆಮೀನ್ ಅಂದೆ.

ಸಂಜೆ ಲೋಹಿತಾಶ್ವನ ಖಾತೆ ಅವನದಾಗಿರಲಿಲ್ಲ.
ಆರನೇ ತರಗತಿಯಿಂದ ಕೂಡಿಟ್ಟದ್ದು,
ಒಂದು ಕಪ್ಪು ಕುದುರೆ ಇತ್ತಂತೆ ಅದರೊಳಗೆ, ಹೆಸರಿಟ್ಟು ಸಾಕಿದ್ದು.
"ಆ ಅಗ್ಗದ ಅಂಗಡೀಲೂ ಇದೇ ಪಾಸ್‌ವರ್ಡ್ ಕೊಟ್ಟಿದ್ದೆ," ಅಂದ,
"ತಪ್ಪು ನಂದೇ."
ನಾನು ಸುಮ್ಮನಿರಬಹುದಿತ್ತು.
ಒಂದು ಸೈಕಲ್ ಬೀಗ ಬಿಚ್ಚಿ ಮತ್ತೆ ಕೂಡಿಸುವಷ್ಟು ಹೊತ್ತು
ಸುಮ್ಮನಿದ್ದೆ ಕೂಡ.

ಹೇಳಿದ ಮೇಲೆ ಅವನು ಬೈಯಲಿಲ್ಲ. ನನ್ನ ಫೋನು ತೆಗೆದು ನೋಡಿದ.
"ಅಂಕಿ ಪಕ್ಕದಲ್ಲೇ ಬರ್ದಿದಾರಲ್ಲ ಸಾಬ್ರೇ, ಯಾರಿಗೂ ಹೇಳ್ಬೇಡಿ ಅಂತ."
ಇಂಗ್ಲಿಷಿನಲ್ಲಿತ್ತು.
ನನಗೆ ಓದಲು ಬಂದದ್ದು ಅಂಕಿ ಮಾತ್ರ.

ಅಸಲಿ ಅಂಗಡಿಗೆ ಬರೆದಿದ್ದಾನೆ. ಅವರೂ ಕೇಳುತ್ತಾರೆ:
ಮೊದಲು ಕೊಂಡ ಆಟ ಯಾವುದು, ಯಾವ ದಿನ, ರಸೀದಿ ಎಲ್ಲಿ.
ಬೀಗ ತನ್ನಿ ಅಂದ ಹಾಗೆ. ಸರಿಯೇ.
ಹನ್ನೊಂದು ದಿನವಾಯಿತು.

ನಂಬರ್ ಬದಲಿಸಿಕೊಳ್ಳೋ ಎಂದೆ.
"ಇರ್ಲಿ ಬಿಡಿ" ಅಂದ.
ನನ್ನ ಫೋನಿನ ಬೆನ್ನಿಗೆ ಒಂದು ಚೀಟಿ ಅಂಟಿಸಿದ್ದಾನೆ,
ಕನ್ನಡದಲ್ಲಿ, ಜೆರಾಕ್ಸಿನಲ್ಲಿ ದೊಡ್ಡದು ಮಾಡಿ.
ಏನದು ಎಂದು ಗಿರಾಕಿಗಳು ಕೇಳುತ್ತಾರೆ.
ಹೇಳುವುದಿಲ್ಲ.